ಹನ್ನ ಎಂಬ ಹೆಸರಿನ ವೃತ್ತಾಂತ



ನಮ್ಮ ಹಳ್ಳಿಯ ಸಭೆಗಳಲ್ಲಿ ಕೂಸಿಗೆ ದೀಕ್ಷಾಸ್ನಾನ ಮಾಡಿಸುವ ಸಮಯ ಬಂದಾಗ ತಂದೆತಾಯಿಗಳು ಹೆಸರಿನ ವಿಷಯವಾಗಿ ಉಪದೇಶಿಯನ್ನು ವಿಚಾರಿಸುವದುಂಟು. ಗಂಡುಮಗುವಾದರೆ ಹೆಸರು ಮುಂಚೆಯೇ ಗೊತ್ತಾಗಿರುತ್ತದೆ. ಅಜ್ಜನದೋ ಅಪೊಸ್ತಲನದೋ ಒಂದು ಹೆಸರು ಸಿದ್ಧವಾಗಿರುವದು. ಹೆಣ್ಣಾದರೆ, "ಯಾವದಾದರೂ ಒಂದು ಇಡಿರಿ, ಅಯ್ಯನವರೇ" ಎಂಬ ಮಾತು ಬರುತ್ತದೆ. ಈ "ಯಾವದಾದರೂ ಒಂದು" ಎಂಬ ಮಾತೇ ಈ ಪಾಠವನ್ನು ಬರೆಯುವದಕ್ಕೆ ನಮಗೆ ಕಾರಣವಾಯಿತು.

ನಮ್ಮ ಸೀಮೆಯಲ್ಲಿ ಸಾಲಾಗಿ ಹೆಣ್ಣುಮಕ್ಕಳೇ ಹುಟ್ಟಿದ ಮನೆಯಲ್ಲಿ ಕಡೆಯವಳಿಗೆ ಸಾಕಮ್ಮ ಎಂದು ಹೆಸರಿಡುವ ವಾಡಿಕೆಯನ್ನು ಅರಿಯದವರು ಯಾರು? ಕೂಸುಗಳು ಉಳಿಯದ ಮನೆಯಲ್ಲಿ ಹುಟ್ಟಿದ ಮಗುವಿಗೆ ತಿಪ್ಪಯ್ಯ, ತಿಪ್ಪವ್ವ ಎಂದು ಕರೆಯುವದೂ ಉಂಟು. ಇವೆರಡೂ ಒಂದೇ ಬಗೆಯವಲ್ಲ. ತಿಪ್ಪವ್ವ ಎಂಬ ಹೆಸರಿನ ಒಳಗೆ, ಈ ಕೂಸಿನ ಮೇಲೆ ಯಾರ ಕಣ್ಣೂ ಬೀಳದೆ ಇದೊಂದಾದರೂ ಬದುಕಲಿ ಎಂಬ ತಾಯಿಯ ಪ್ರೀತಿ ಅಡಗಿರುವದರಿಂದ ಅದನ್ನು ನಾವು ಹಾಸ್ಯ ಮಾಡಲಾರೆವು. ಆದರೆ "ಇನ್ನು ಸಾಕು" ಎಂಬ ಅರ್ಥದಿಂದ ಒಂದು ಮಗುವನ್ನು ಜೀವಮಾನವೆಲ್ಲಾ ಕರೆಯುವದು ಆ ಮಗುವಿಗೆ ಮಾಡುವ ಅನ್ಯಾಯವೆಂದು ನಾವು ಎಣಿಸುತ್ತೇವೆ. ಆದಕಾರಣ ಇದಕ್ಕೆ ಪೂರಾ ಎದುರಾದ ಅರ್ಥವುಳ್ಳ ಒಂದು ಹೆಸರನ್ನು ತೆಗೆದುಕೊಂಡು, ಅದು ಎಲ್ಲಿ ಹುಟ್ಟಿತು, ಯಾವ ಯಾವ ದೇಶಗಳಲ್ಲಿ ಸಂಚರಿಸಿತು, ಯಾರು ಯಾರು ಅದನ್ನು ಹೊತ್ತರು ಎಂಬದನ್ನು ವಿಚಾರಿಸೋಣ. ಆ ಹೆಸರು ಹನ್ನ. ಅದರ ಮತ್ತೊಂದು ರೂಪ ಅನ್ನ.

ಮೊದಲು ಒಂದು ಆಕ್ಷೇಪಣೆಗೆ ಉತ್ತರ ಕೊಡತಕ್ಕದ್ದಾಗಿದೆ. "ಇದು ದೊರೆಗಳ ಹೆಸರು, ಇಂಗ್ಲಿಷರ ಹೆಸರು, ನಮಗೇಕೆ?" ಎಂದು ಕೆಲವರು ಹೇಳುತ್ತಾರೆ. ಈ ಹೆಸರು ಇಂಗ್ಲಿಷರದಲ್ಲ. ಇಂಗ್ಲಿಷ್ ಭಾಷೆಯೇ ಇಲ್ಲದಿದ್ದ ಕಾಲದಲ್ಲಿ, ನಮ್ಮ ಹಾಗೆಯೇ ಆಕಳು ಕುರಿಗಳನ್ನು ಸಾಕಿಕೊಂಡು, ಮಳೆಯನ್ನು ಎದುರುನೋಡುತ್ತಾ, ಕಣದಲ್ಲಿ ಗೋಧಿ ತೂರುತ್ತಾ ಇದ್ದ ಇಸ್ರಾಯೇಲ್ಯರ ಹೆಸರು ಇದು. ಇಂಗ್ಲಿಷರೂ ನಮ್ಮಂತೆಯೇ ಇದನ್ನು ಅವರಿಂದ ಕಡ ತಂದುಕೊಂಡವರು.

ಇಬ್ರಿಯ ಭಾಷೆಯಲ್ಲಿ ಮೂರು ಮೂರು ವ್ಯಂಜನಗಳಿಂದ ಧಾತುಗಳು ಆಗುತ್ತವೆ. ಹ, ನ, ನ ಎಂಬ ಮೂರು ವ್ಯಂಜನಗಳುಳ್ಳ ಧಾತುವಿಗೆ ದಯೆತೋರಿಸು, ಕಟಾಕ್ಷಿಸು ಎಂದು ಅರ್ಥ. ದೊಡ್ಡವರು ಚಿಕ್ಕವರ ಕಡೆಗೆ ತಾವಾಗಿಯೇ ಬೊಗ್ಗಿ, ಲೆಕ್ಕಕ್ಕೆ ಸಿಕ್ಕದೆ ಮಾಡುವ ಉಪಕಾರವೇ ಆ ದಯೆ. ಈ ಧಾತುವಿನಿಂದ ಹುಟ್ಟಿದ ಹನ್ನ ಎಂಬದಕ್ಕೆ ದಯೆ, ಕೃಪೆ ಎಂದು ಅರ್ಥವಾಗುತ್ತದೆ. ನಮ್ಮ ಸಭೆಗಳಲ್ಲಿ ಮನೆಗೊಬ್ಬನಂತೆ ಇರುವ ಯೋಹಾನ ಎಂಬ ಹೆಸರೂ ಇದೇ ಧಾತುವಿನದು. ಯೆಹೋವನು ದಯೆತೋರಿಸಿದ್ದಾನೆ ಎಂದು ಅದರ ಅರ್ಥ. ದಾನಿಯೇಲನ ಸಂಗಡಿಗನಾದ ಹನನ್ಯನೂ, ಅಪೊಸ್ತಲರ ಕೃತ್ಯಗಳಲ್ಲಿ ಬರುವ ಅನನೀಯರೂ, ಕೂಜನ ಹೆಂಡತಿಯಾದ ಯೊಹನ್ನಳೂ ಇದೇ ಮನೆತನದವರು. ಇಸ್ರಾಯೇಲಿನ ನೆರೆಯವರಾಗಿದ್ದ ಫೊಯಿನೀಕ್ಯರ ಭಾಷೆಯಲ್ಲಿಯೂ ಈ ಧಾತು ಇತ್ತು. ರೋಮಾಯರನ್ನು ನಡುಗಿಸಿದ ಕಾರ್ಥೇಜಿನ ಸೇನಾಪತಿ ಹನ್ನಿಬಾಲನ ಹೆಸರಿಗೆ ಬಾಳನ ದಯೆ ಎಂದು ಅರ್ಥ. ಒಂದೇ ಬಾವಿಯ ನೀರು ಎಷ್ಟು ಬೇರೆ ಬೇರೆ ಹೊಲಗಳಿಗೆ ಹರಿಯಿತು ನೋಡಿರಿ!

ಇನ್ನು ಈ ಹೆಸರಿಗೆ ಎರಡು ರೂಪಗಳು ಬಂದ ಬಗೆ. ಇಬ್ರಿಯರು ಹಕಾರವನ್ನು ಗಂಟಲಿನಿಂದ ಗಟ್ಟಿಯಾಗಿ ಉಚ್ಚರಿಸುವರು. ಗ್ರೀಕರಲ್ಲಿ ಆ ಉಚ್ಚಾರಣೆಗೆ ತಕ್ಕ ಅಕ್ಷರವಿಲ್ಲದ ಕಾರಣ ಅವರು ಅನ್ನ ಎಂದು ಬರೆದರು. ಲತೀನಿನವರೂ ಅದನ್ನೇ ಅನುಸರಿಸಿದರು. ೧೬೧೧ರ ಇಂಗ್ಲಿಷ್ ಸತ್ಯವೇದವು ಹಳೆಯ ಒಡಂಬಡಿಕೆಯನ್ನು ಇಬ್ರಿಯದಿಂದಲೂ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದಲೂ ಭಾಷಾಂತರಿಸಿದ್ದರಿಂದ, ಮೊದಲನೆಯದರಲ್ಲಿ ಹನ್ನ ಎಂದೂ ಎರಡನೆಯದರಲ್ಲಿ ಅನ್ನ ಎಂದೂ ಒಂದೇ ಹೆಸರು ಎರಡಾಗಿ ಕಾಣಿಸಿಕೊಂಡಿತು. ನಮ್ಮ ಕನ್ನಡ ಸತ್ಯವೇದದಲ್ಲಿಯೂ ಹಾಗೆಯೇ ಇದೆ. ಹಕಾರವನ್ನು ನುಂಗಿಬಿಡುವದರಲ್ಲಿ ಮೈಸೂರು ಸೀಮೆಯ ನಮ್ಮ ಒಕ್ಕಲಿಗರು ಗ್ರೀಕರಿಗೆ ಸೋಲುವವರಲ್ಲ. ಹಾಲನ್ನು ಆಲೆಂದೂ ಹಸುವನ್ನು ಅಸುವೆಂದೂ ಕರೆಯುವ ಬಾಯಲ್ಲಿ ಹನ್ನಳು ತಾನಾಗಿಯೇ ಅನ್ನಳಾಗುವಳು.

ಈಗ ಆ ಹೆಸರನ್ನು ಮೊದಲು ಹೊತ್ತವಳ ಕಡೆಗೆ ಬರೋಣ. ಸಮುವೇಲನ ಮೊದಲನೆಯ ಪುಸ್ತಕದ ಮೊದಲೆರಡು ಅಧ್ಯಾಯಗಳನ್ನು ವಾಚಕರು ತೆರೆದಿಟ್ಟುಕೊಳ್ಳಬೇಕು. ಎಲ್ಕಾನನಿಗೆ ಇಬ್ಬರು ಹೆಂಡತಿಯರು. ಪೆನಿನ್ನಳಿಗೆ ಮಕ್ಕಳುಂಟು, ಹನ್ನಳಿಗೆ ಇಲ್ಲ. ವರುಷಕ್ಕೊಂದಾವರ್ತಿ ಶೀಲೋವಿಗೆ ಯಜ್ಞಕ್ಕೆ ಹೋದಾಗಲೆಲ್ಲಾ ಪೆನಿನ್ನಳು ಇವಳನ್ನು ಕೆಣಕುವಳು. ಇವಳು ಊಟಬಿಟ್ಟು ಅಳುವಳು. ಗಂಡನು ಕೆಟ್ಟವನಲ್ಲ. ಹತ್ತು ಮಂದಿ ಗಂಡುಮಕ್ಕಳಿಗಿಂತ ನಾನು ನಿನಗೆ ಹೆಚ್ಚಲ್ಲವೇ ಎಂದು ಅವಳನ್ನು ಸಂತೈಸುತ್ತಾನೆ. ಆದರೂ ಮನೆಯಲ್ಲಿ ಮಕ್ಕಳನ್ನು ಎತ್ತಿಕೊಂಡಿರುವ ಗಂಡಸು ಮಡಿಲು ಬರಿದಾದವಳಿಗೆ ಹೇಳುವ ಸಮಾಧಾನ ಎಷ್ಟರದು? ಹನ್ನಳು ಆ ಮಾತಿಗೆ ಉತ್ತರ ಕೊಟ್ಟಳೆಂದು ಸತ್ಯವೇದದಲ್ಲಿ ಬರೆದಿಲ್ಲ. ಆಕೆ ಎದ್ದು ದೇವರ ಮಂದಿರಕ್ಕೆ ಹೋದಳು.

ಅಲ್ಲಿ ಆಕೆಯ ತುಟಿಗಳು ಅಲ್ಲಾಡಿದವೇ ಹೊರತು ಶಬ್ದ ಕೇಳಿಸಲಿಲ್ಲ. ಬಾಗಿಲ ಬಳಿಯಲ್ಲಿ ಕೂತಿದ್ದ ಯಾಜಕನಾದ ಏಲಿಯು ಆಕೆಯನ್ನು ಕುಡಿದವಳೆಂದು ತಿಳಿದು ಗದರಿಸಿದನು. ಸಭೆಯ ಹಿರಿಯರು, ಉಪದೇಶಿಗಳು, ನಾವೆಲ್ಲರೂ ಈ ಸ್ಥಳದಲ್ಲಿ ಸ್ವಲ್ಪ ನಿಲ್ಲತಕ್ಕದ್ದು. ಗುಡಿಯಲ್ಲಿ ಮುದುಕನಾದ ಯಾಜಕನೇ ಒಬ್ಬ ಹೆಂಗಸಿನ ದುಃಖವನ್ನು ಅಮಲೆಂದು ತಪ್ಪಾಗಿ ಓದಿದನು. ಆಕೆಯಾದರೋ ತಲೆತಗ್ಗಿಸಿ ಹೊರಟುಹೋಗಲಿಲ್ಲ. ತಾನು ಕುಡಿದವಳಲ್ಲ, ಮನನೊಂದವಳು, ಹೃದಯವನ್ನು ಕರ್ತನ ಮುಂದೆ ಹೊಯ್ದುಕೊಳ್ಳುತ್ತಿದ್ದೇನೆ ಎಂದು ಮರ್ಯಾದೆಯಿಂದಲೂ ಸ್ಪಷ್ಟವಾಗಿಯೂ ಹೇಳಿದಳು. ಏಲಿಯು ತನ್ನ ಮಾತನ್ನು ತಿದ್ದಿಕೊಂಡು ಆಶೀರ್ವದಿಸಿದನು.

ಅನಂತರ ಸಮುವೇಲನು ಹುಟ್ಟಿದ್ದನ್ನೂ, ಮೊಲೆಬಿಟ್ಟ ಮೇಲೆ ಅವನನ್ನು ಹರಕೆಯಂತೆ ಶೀಲೋವಿನಲ್ಲಿ ಒಪ್ಪಿಸಿದ್ದನ್ನೂ ಎಲ್ಲರೂ ಬಲ್ಲರು. ನಾವು ತೋರಿಸಬೇಕೆಂದಿರುವದು ಎರಡನೆಯ ಅಧ್ಯಾಯದ ಹತ್ತೊಂಭತ್ತನೆಯ ವಚನ. ತಾಯಿಯು ವರುಷ ವರುಷ ಅವನಿಗೆ ಒಂದು ಚಿಕ್ಕ ನಿಲುವಂಗಿಯನ್ನು ಮಾಡಿಕೊಂಡು ಹೋಗುತ್ತಿದ್ದಳು. ಹುಡುಗನು ಕಣ್ಣಮುಂದೆ ಇಲ್ಲ. ಹೋದ ವರುಷದ ಅಳತೆ ಈ ವರುಷಕ್ಕೆ ಆಗದು. ಎಷ್ಟು ಬೆಳೆದಿದ್ದಾನೋ ಎಂದು ಮನಸ್ಸಿನಲ್ಲಿಯೇ ಅಳೆದು ಆಕೆ ಹೊಲಿಯಬೇಕಾಗಿತ್ತು. ಮಕ್ಕಳನ್ನು ದೂರದ ಪಟ್ಟಣದ ಹಾಸ್ಟೆಲಿಗೆ ಕಳುಹಿಸಿ ದಸರೆಗೋ ಕ್ರಿಸ್ಮಸಿಗೋ ಬಟ್ಟೆ ಹೊಲಿಸುವ ತಾಯಂದಿರಿಗೆ ಈ ವಚನಕ್ಕೆ ವ್ಯಾಖ್ಯಾನ ಬೇಕಾಗಿಲ್ಲ.

ಈ ಕಥೆಯನ್ನು ನಮ್ಮ ಹಳ್ಳಿಗಳಲ್ಲಿ ಒಂದು ತಪ್ಪಾದ ರೀತಿಯಲ್ಲಿ ಹೇಳುವದುಂಟು. ಹೇಗಂದರೆ, ಹನ್ನಳಂತೆ ಪ್ರಾರ್ಥಿಸಿದರೆ ಕೂಸು ಹುಟ್ಟುವದು. ಹುಟ್ಟದಿದ್ದರೆ ಪ್ರಾರ್ಥನೆಯಲ್ಲಿಯೋ ನಡತೆಯಲ್ಲಿಯೋ ದೋಷವುಂಟು ಎಂದು. ಹೀಗೆ ಹೇಳುವವರು ಪೆನಿನ್ನಳ ಕೆಲಸವನ್ನೇ ಮಾಡುತ್ತಾರೆ. ಹನ್ನಳಿಗೆ ಮಕ್ಕಳಿಲ್ಲದ್ದು ಆಕೆಯ ಪಾಪದ ಫಲವೆಂದು ಕಥೆಯಲ್ಲಿ ಎಲ್ಲಿಯೂ ಹೇಳಿಲ್ಲ. ಮಕ್ಕಳಾಗದಿರುವದಕ್ಕೆ ಕಾರಣವು ಹೆಂಡತಿಯಲ್ಲಿ ಇರುವಂತೆಯೇ ಗಂಡನಲ್ಲಿಯೂ ಇರಬಹುದೆಂದು ವೈದ್ಯರು ಚೆನ್ನಾಗಿ ಬಲ್ಲರು. ಆದರೂ ಸೀಮಂತಕ್ಕೂ ತೊಟ್ಟಿಲಿಗೂ ಕರೆಯದೆ ಬಿಡುವದು ಹೆಂಗಸನ್ನು ಮಾತ್ರ. ಇನ್ನೊಂದು ಮಾತನ್ನು ಯೋಚಿಸಿರಿ. ದಯೆ ಎಂಬ ಈ ಹೆಸರು ಸಮುವೇಲನು ಹುಟ್ಟಿದ ಮೇಲೆ ಆಕೆಗೆ ಬಂದದ್ದಲ್ಲ. ಮಡಿಲು ಬರಿದಾಗಿದ್ದ ಅಷ್ಟು ವರುಷಗಳಲ್ಲಿಯೂ, ಪೆನಿನ್ನಳು ಕೆಣಕುತ್ತಿದ್ದ ಸಮಯದಲ್ಲಿಯೂ ಆಕೆ ಹನ್ನಳೇ.

ಸತ್ಯವೇದದಲ್ಲಿ ಈ ಹೆಸರಿನ ಎರಡನೆಯವಳಿಗೆ ಮಕ್ಕಳಿದ್ದ ಸುದ್ದಿಯೇ ಇಲ್ಲ. ಅಸೇರನ ಕುಲದ ಫನುವೇಲನ ಮಗಳಾದ ಅನ್ನಳೆಂಬ ಪ್ರವಾದಿನಿಯನ್ನು ಲೂಕನು ಎರಡನೆಯ ಅಧ್ಯಾಯದಲ್ಲಿ ಮೂರೇ ವಚನಗಳಲ್ಲಿ ತೋರಿಸುತ್ತಾನೆ. ಏಳು ವರುಷ ಸಂಸಾರ ಮಾಡಿ ವಿಧವೆಯಾದವಳು. ಎಂಭತ್ತನಾಲ್ಕು ಎಂಬದು ಆಕೆಯ ವಯಸ್ಸೋ, ವಿಧವೆಯಾಗಿ ಕಳೆದ ವರುಷಗಳೋ ಎಂಬ ವಿಷಯದಲ್ಲಿ ಪಂಡಿತರು ಎರಡು ಪಕ್ಷವಾಗಿದ್ದಾರೆ. ಗ್ರೀಕ್ ವಾಕ್ಯವು ಎರಡಕ್ಕೂ ಎಡೆಗೊಡುತ್ತದೆ. ಹೇಗಾದರೂ ಬಹಳ ಮುದುಕಿ. ವಿಧವೆಯ ಮುಖವನ್ನು ಮುಂಜಾನೆ ನೋಡಬಾರದೆಂದು ಹೇಳುತ್ತಿದ್ದ ದೇಶದವರಾದ ನಾವು ಗಮನಿಸಬೇಕಾದದ್ದೇನಂದರೆ, ಶಿಶುವಾದ ಯೇಸುವನ್ನು ದೇವಾಲಯಕ್ಕೆ ತಂದ ಆ ದಿನದಲ್ಲಿ, ಬಿಡುಗಡೆಗಾಗಿ ಕಾದಿದ್ದ ಯೆರೂಸಲೇಮಿನವರಿಗೆಲ್ಲಾ ಆತನ ಸಂಗತಿಯನ್ನು ತಿಳಿಸಿದವಳು ಒಬ್ಬ ಮುದಿ ವಿಧವೆ.

ಮೂರನೆಯ ಅನ್ನಳು ಸತ್ಯವೇದದಲ್ಲಿ ಇಲ್ಲ. ಮರಿಯಳ ತಾಯಿಯ ಹೆಸರು ಅನ್ನ, ತಂದೆಯ ಹೆಸರು ಯೋವಾಕಿಮ ಎಂದು ಎರಡನೆಯ ಶತಮಾನದಲ್ಲಿ ಯಾಕೋಬನ ಹೆಸರಿನಲ್ಲಿ ಹುಟ್ಟಿದ ಒಂದು ಗ್ರಂಥವು ಹೇಳುತ್ತದೆ. ಆ ಗ್ರಂಥವನ್ನು ಸಭೆಯು ಸತ್ಯವೇದದಲ್ಲಿ ಸೇರಿಸಲಿಲ್ಲ. ಆದರೂ ಯೂರೋಪಿನಲ್ಲಿ ಈ ಹೆಸರು ಮನೆಮನೆಗೆ ಹರಡಿದ್ದು ಹೆಚ್ಚಾಗಿ ಈಕೆಯ ಮೂಲಕವೇ. ಮುಸಲ್ಮಾನರ ಸಂಪ್ರದಾಯದಲ್ಲಿಯೂ ಮರ್ಯಮಳ ತಾಯಿಯನ್ನು ಹನ್ನಾ ಎಂದು ಕರೆಯುತ್ತಾರೆ. ಜರ್ಮನಿಯ ಗಣಿಕೆಲಸಗಾರರು ಈಕೆಯನ್ನು ತಮ್ಮ ರಕ್ಷಕಿಯಾಗಿ ಎಣಿಸುತ್ತಿದ್ದರು. ಗಣಿಯ ವ್ಯಾಪಾರದವನಾದ ಹನ್ಸ್ ಲೂಥರನ ಮಗ ಮಾರ್ಟಿನನು ೧೫೦೫ನೇ ಜುಲೈ ೨ರಂದು ಸ್ಟೊಟರ್ನ್‌ಹೈಮ್ ಎಂಬ ಊರಿನ ಹತ್ತಿರ ಗುಡುಗು ಸಿಡಿಲಿನಲ್ಲಿ ಸಿಕ್ಕಿಕೊಂಡಾಗ, ಬಾಯಿಂದ ಮೊದಲು ಹೊರಟದ್ದು ಈ ಅನ್ನಳ ಹೆಸರೇ. ಬದುಕಿದರೆ ಸನ್ಯಾಸಿಯಾಗುತ್ತೇನೆಂದು ಹರಕೆಹೊತ್ತು, ಅದೇ ತಿಂಗಳ ೧೭ರಲ್ಲಿ ಎರ್ಫರ್ಟಿನ ಮಠವನ್ನು ಹೊಕ್ಕನು. ಸಂತರಿಗೆ ಮೊರೆಯಿಡುವದನ್ನು ಮುಂದೆ ಅವನೇ ಖಂಡಿಸಿದನೆಂಬದು ಬೇರೆ ಮಾತು.

ರಾಣಿಯರಲ್ಲಿ ಈ ಹೆಸರಿನವರು ಅನೇಕರು. ಅವರೆಲ್ಲರನ್ನು ಹೇಳುತ್ತಾ ಹೋದರೆ ಕಾಗದ ಸಾಲದು. ಹನ್ನೆರಡನೆಯ ಶತಮಾನದಲ್ಲಿ ಕೊಂಸ್ತಾಂತಿನೋಪಲಿನ ಚಕ್ರವರ್ತಿಯ ಮಗಳಾದ ಅನ್ನ ಕೊಮ್ನೇನಳು ತನ್ನ ತಂದೆಯ ಆಳಿಕೆಯ ಚರಿತ್ರೆಯನ್ನು ಗ್ರೀಕಿನಲ್ಲಿ ಬರೆದಳು. ಇಂಗ್ಲೆಂಡಿನ ಆನ್ ರಾಣಿಯ (೧೬೬೫–೧೭೧೪) ವಿಷಯವನ್ನು ಮಾತ್ರ ಬಿಡಲಾರೆವು. ಆಕೆ ೧೭೦೨ರಿಂದ ಹನ್ನೆರಡು ವರುಷ ಆಳಿದಳು; ಇಂಗ್ಲೆಂಡೂ ಸ್ಕಾಟ್ಲೆಂಡೂ ಒಂದೇ ರಾಜ್ಯವಾದದ್ದು ೧೭೦೭ರಲ್ಲಿ ಆಕೆಯ ಕೆಳಗೆ. ಆಕೆ ಹದಿನೇಳು ಸಾರಿ ಗರ್ಭಿಣಿಯಾದಳು; ಒಂದು ಮಗುವೂ ಆಕೆಯ ಅನಂತರ ಉಳಿಯಲಿಲ್ಲ. ಹೆಚ್ಚು ದಿನ ಬದುಕಿದ ಒಬ್ಬ ಮಗನು ೧೭೦೦ರಲ್ಲಿ ಹನ್ನೊಂದನೆಯ ವಯಸ್ಸಿನಲ್ಲಿ ತೀರಿಹೋದನು.

ನಮ್ಮ ದೇಶಕ್ಕೆ ಬಂದ ಹನ್ನಳನ್ನು ಕುರಿತು ಹೇಳೋಣ. ಹನ್ನಾ ಮಾರ್ಷ್‌ಮನ್ (೧೭೬೭–೧೮೪೭) ಎಂಬಾಕೆ ತನ್ನ ಗಂಡನೊಡನೆ ೧೭೯೯ನೇ ಅಕ್ಟೋಬರಿನಲ್ಲಿ ಬಂಗಾಳದ ಶ್ರೀರಾಮಪುರಕ್ಕೆ ಬಂದಳು. ಮರುವರುಷವೇ ಅವರಿಬ್ಬರೂ ಅಲ್ಲಿ ಪಾಠಶಾಲೆಯನ್ನು ತೆರೆದರು. ಆ ಶಾಲೆಯ ಆದಾಯವು ಮಿಷನಿನ ಖರ್ಚಿಗೆ ದೊಡ್ಡ ಆಧಾರವಾಗಿತ್ತು. ಕೆರೀ ಪಾದ್ರಿಗಳು ಬರೆದ ಕನ್ನಡ ವ್ಯಾಕರಣವು ೧೮೧೭ರಲ್ಲಿ ಅಚ್ಚಾದದ್ದು ಇದೇ ಶ್ರೀರಾಮಪುರದ ಅಚ್ಚುಕೂಟದಲ್ಲಿ. ಪುಸ್ತಕಗಳ ಮೇಲೆ ಗಂಡಸರ ಹೆಸರು ಉಂಟು. ಅವರ ಊಟ, ಅವರ ಮಕ್ಕಳ ಆರೈಕೆ, ಶಾಲೆಯ ಲೆಕ್ಕ, ಇವುಗಳನ್ನು ನೋಡಿದವಳ ಹೆಸರು ಮುಖಪತ್ರದ ಮೇಲೆ ಬರುವದಿಲ್ಲ.

ಆನ್ ಜಡ್ಸನ್ (೧೭೮೯–೧೮೨೬) ಅಮೇರಿಕದವಳು. ೧೮೧೩ರಲ್ಲಿ ಗಂಡನೊಡನೆ ಬರ್ಮಾದ ರಂಗೂನನ್ನು ಸೇರಿದಳು. ೧೮೨೪ರಲ್ಲಿ ಇಂಗ್ಲಿಷರಿಗೂ ಬರ್ಮಾದವರಿಗೂ ಯುದ್ಧವಾದಾಗ ಆವಾ ಪಟ್ಟಣದಲ್ಲಿ ಆಕೆಯ ಗಂಡನನ್ನು ಸೆರೆಯಲ್ಲಿ ಹಾಕಿದರು. ಬಸುರಿಯಾಗಿದ್ದ ಆಕೆ ಅಧಿಕಾರಿಗಳ ಬಾಗಿಲುಗಳನ್ನು ತಟ್ಟುತ್ತಾ, ಸೆರೆಮನೆಗೆ ಊಟ ಹೊತ್ತು ನಡೆದಳು. ಗಂಡನು ಬರ್ಮೀಯ ಭಾಷೆಯಲ್ಲಿ ಬರೆದಿದ್ದ ಹೊಸ ಒಡಂಬಡಿಕೆಯ ಪ್ರತಿಯನ್ನು ದಿಂಬಿನೊಳಗೆ ಹೊಲಿದು ಅವನಿಗೆ ಕೊಟ್ಟಳು. ಅದು ಹಾಗೆಯೇ ಉಳಿಯಿತು. ಆಕೆಯಾದರೋ ಅವನ ಬಿಡುಗಡೆಯಾದ ಸ್ವಲ್ಪ ಕಾಲದಲ್ಲಿಯೇ ಜ್ವರದಿಂದ ತೀರಿಹೋದಳು. ನಮಗೆ ಹತ್ತಿರದ ಕಾಲದಲ್ಲಿ, ಯೆಹೂದ್ಯರನ್ನು ಹಿಟ್ಲರನು ಬೇಟೆಯಾಡಿದಾಗ, ಆಮ್‌ಸ್ಟರ್‌ಡಾಮಿನ ಒಂದು ಮನೆಯ ಹಿಂಭಾಗದಲ್ಲಿ ೧೯೪೨ರಿಂದ ೧೯೪೪ರ ವರೆಗೆ ಅಡಗಿದ್ದು ದಿನಚರಿ ಬರೆದ ಆನ್ ಫ್ರಾಂಕ್ ಎಂಬ ಹುಡುಗಿಯನ್ನು ಲೋಕವೇ ಬಲ್ಲದು. ಹನ್ನಳ ಜನಾಂಗದವಳಾದ ಆಕೆ ೧೯೪೫ರಲ್ಲಿ ಸೆರೆಯ ಬಿಡಾರದಲ್ಲಿ ಸತ್ತಾಗ ವಯಸ್ಸು ಹದಿನೈದು.

ಮಲೆಯಾಳ ದೇಶದ ಸುರಿಯಾನಿ ಕ್ರೈಸ್ತರಲ್ಲಿ ಅನ್ನ, ಅನ್ನಮ್ಮ ಎಂಬ ಹೆಸರುಗಳು ಬಹು ಸಾಮಾನ್ಯ. ಅವರಲ್ಲಿ ಮೂವರನ್ನು ಹೆಸರಿಸುತ್ತೇವೆ. ಅನ್ನ ಚಾಂಡಿಯವರು (೧೯೦೫–೧೯೯೬) ತಿರುವಾಂಕೂರಿನಲ್ಲಿ ೧೯೩೭ರಲ್ಲಿ ಮುನ್ಸೀಫರಾಗಿ, ೧೯೪೮ರಲ್ಲಿ ಜಿಲ್ಲಾ ನ್ಯಾಯಾಧೀಶರಾಗಿ, ೧೯೫೯ರಲ್ಲಿ ಕೇರಳದ ಹೈಕೋರ್ಟಿನ ಪೀಠವನ್ನೇರಿದರು. ಭಾರತದ ಯಾವ ಹೈಕೋರ್ಟಿನಲ್ಲಿಯೂ ಅದಕ್ಕೆ ಮುಂಚೆ ಹೆಂಗಸು ನ್ಯಾಯಾಧೀಶರಾಗಿರಲಿಲ್ಲ. ಅನ್ನ ರಾಜಂ ಎಂಬವರು ೧೯೫೧ರಲ್ಲಿ ಐ. ಎ. ಎಸ್. ನೌಕರಿಗೆ ಸೇರಿದ ಮೊದಲನೆಯ ಹೆಂಗಸು. ಮದುವೆಯಾದರೆ ಕೆಲಸ ತಪ್ಪುವದು ಎಂಬ ಷರತ್ತು ಅವರ ನೇಮಕದ ಹುಕುಮಿನಲ್ಲಿಯೇ ಇತ್ತು. ಗಂಡಸರ ಹುಕುಮಿನಲ್ಲಿ ಅಂಥ ಷರತ್ತನ್ನು ಯಾರಾದರೂ ಕಂಡದ್ದುಂಟೇ? ಮುಂದೆ ಆ ನಿಯಮವನ್ನು ತೆಗೆದುಹಾಕಿದರು.

ಮೂರನೆಯವರು ನಮ್ಮ ಬೆಂಗಳೂರಿಗೂ ಸೇರಿದವರಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವೆವು. ಅನ್ನ ಮಣಿಯವರು ೧೯೧೮ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಏಲಕ್ಕಿ ತೋಟಗಳಿದ್ದ ಮನೆಯಲ್ಲಿ ಹುಟ್ಟಿದರು. ಎಂಟನೆಯ ಹುಟ್ಟಿದ ಹಬ್ಬಕ್ಕೆ ಮನೆಯ ವಾಡಿಕೆಯಂತೆ ವಜ್ರದ ಓಲೆಗಳನ್ನು ಕೊಡಲು ಬಂದಾಗ, ತನಗೆ ಓಲೆ ಬೇಡ, ವಿಶ್ವಕೋಶದ ಪುಸ್ತಕಗಳು ಬೇಕೆಂದು ಕೇಳಿದರಂತೆ. ತಂದೆಯು ಯಾವ ಮಾತನ್ನೂ ತಾನೇ ಪರೀಕ್ಷಿಸದೆ ಒಪ್ಪಬೇಡಿರೆಂದು ಮಕ್ಕಳಿಗೆ ಕಲಿಸಿದ ಮನುಷ್ಯ. ದೇವರ ವಿಷಯದಲ್ಲಿಯೂ ಅವರು ಹಾಗೆಯೇ ಇದ್ದರು. ವೈಕಂ ಸತ್ಯಾಗ್ರಹದ ಕಾಲದಲ್ಲಿ, ೧೯೨೫ರಲ್ಲಿ, ಗಾಂಧಿಯವರು ಆ ಸೀಮೆಗೆ ಬಂದುಹೋದ ಮೇಲೆ ಹುಡುಗಿಯು ಖಾದಿ ಉಡುವದಕ್ಕೆ ಆರಂಭಿಸಿದಳು.

ಮದರಾಸಿನಲ್ಲಿ ಓದು ಮುಗಿಸಿ ೧೯೪೦ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಬಂದು, ಸರ್ ಸಿ. ವಿ. ರಾಮನ್‌ರ ಪ್ರಯೋಗಶಾಲೆಯಲ್ಲಿ ವಜ್ರಗಳ ಮತ್ತು ಮಾಣಿಕ್ಯಗಳ ಬೆಳಕನ್ನು ಪರೀಕ್ಷಿಸಿದರು. ವಜ್ರದ ಓಲೆಯನ್ನು ಬೇಡವೆಂದವರ ಕೈಗೆ ವಜ್ರಗಳೇ ಬಂದವು! ಐದು ಪ್ರಬಂಧಗಳನ್ನು ಪ್ರಕಟಿಸಿದರೂ, ಎಂ. ಎಸ್‌ಸಿ. ಪದವಿ ಇಲ್ಲವೆಂಬ ಕಾರಣದಿಂದ ಮದರಾಸು ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಡಲಿಲ್ಲ. ಅವರು ಅದಕ್ಕಾಗಿ ಕೊರಗುತ್ತಾ ಕೂರಲಿಲ್ಲ. ೧೯೪೫ರಲ್ಲಿ ಲಂಡನಿಗೆ ಹೋಗಿ ಹವೆಯನ್ನು ಅಳೆಯುವ ಯಂತ್ರಗಳ ವಿದ್ಯೆಯನ್ನು ಕಲಿತು, ೧೯೪೮ರಲ್ಲಿ ಪುಣೆಯಲ್ಲಿ ಹವಾಮಾನ ಇಲಾಖೆಗೆ ಸೇರಿದರು. ಆಗ ಇಂಥ ಯಂತ್ರಗಳು ಹೆಚ್ಚಾಗಿ ಹೊರದೇಶದಿಂದ ಬರಬೇಕಾಗಿತ್ತು. ಇವರು ಸುಮಾರು ನೂರು ಬಗೆಯ ಯಂತ್ರಗಳಿಗೆ ಸರಿಯಾದ ನಕ್ಷೆಗಳನ್ನು ಮಾಡಿಸಿ ಅವು ಇಲ್ಲಿಯೇ ತಯಾರಾಗುವಂತೆ ಮಾಡಿದರು. ೧೯೫೭–೫೮ರಲ್ಲಿ ಬಿಸಿಲನ್ನು ಅಳೆಯುವ ಠಾಣೆಗಳನ್ನು ದೇಶದಲ್ಲಿ ಅಲ್ಲಲ್ಲಿ ಏರ್ಪಡಿಸಿದರು. ೧೯೭೬ರಲ್ಲಿ ನಿವೃತ್ತರಾದ ಮೇಲೆ ಮತ್ತೆ ಬೆಂಗಳೂರಿಗೆ ಬಂದು ರಾಮನ್ ಸಂಸ್ಥೆಯಲ್ಲಿ ಮೂರು ವರುಷ ಇದ್ದರು. ಗಾಳಿಯಿಂದಲೂ ಬಿಸಿಲಿನಿಂದಲೂ ಶಕ್ತಿಯನ್ನು ಪಡೆಯಬೇಕಾದರೆ ಮೊದಲು ಎಲ್ಲಿ ಎಷ್ಟು ಗಾಳಿ, ಎಷ್ಟು ಬಿಸಿಲು ಎಂದು ಅಳೆದಿಡಬೇಕೆಂಬದು ಅವರ ಮತ. ಬಿಸಿಲಿನ ಲೆಕ್ಕಗಳ ಪುಸ್ತಕಗಳು ೧೯೮೦ರಲ್ಲಿಯೂ ೧೯೮೧ರಲ್ಲಿಯೂ ಪ್ರಕಟವಾದವು. ಮದುವೆಯಾಗದೆ ಇದ್ದ ಅವರು ೨೦೦೧ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು.

ಕೊನೆಯದಾಗಿ ನಮ್ಮ ಭಾಷೆಯಲ್ಲಿ ಈ ಹೆಸರಿಗೆ ಇರುವ ತೊಡಕನ್ನು ಹೇಳಬೇಕು. ಅನ್ನವೆಂದರೆ ನಮಗೆ ಊಟದ ಅನ್ನ, ಅಣ್ಣನೆಂದರೆ ಒಡಹುಟ್ಟಿದವನು, ಅಣ್ಣಮ್ಮನೆಂದರೆ ಬೆಂಗಳೂರಿನ ಗ್ರಾಮದೇವತೆ. ಹಕಾರವನ್ನು ಬಿಡದೆ ಹೇಳಿದರೂ ಕೆಲವರ ಕಿವಿಗೆ ಹಣ್ಣೆಂದು ಕೇಳಿಸುವದು. ಈ ಯಾವ ಶಬ್ದಕ್ಕೂ ಇಬ್ರಿಯರ ಹನ್ನಳಿಗೂ ಸಂಬಂಧವಿಲ್ಲ. ಶಾಲೆಯ ಹುಡುಗರು ಅನ್ನ ಎಂಬವಳಿಗೆ "ಸಾರು ಎಲ್ಲಿ?" ಎಂದು ಕೇಳಿ ಅಳಿಸುವದನ್ನು ನಾವು ಬಲ್ಲೆವು. ಅಂಥ ಹುಡುಗಿಗೆ ತಾಯಿಯು ತನ್ನ ಹೆಸರಿನ ಅರ್ಥವನ್ನು ಬಾಯಿಪಾಠವಾಗಿ ಕಲಿಸಿಟ್ಟರೆ ಉತ್ತರ ಕೊಡುವದಕ್ಕೆ ಅನುಕೂಲ. ದೀಕ್ಷಾಸ್ನಾನದ ದಾಖಲೆಯಲ್ಲಿ ಹನ್ನ ಎಂದು ಹಕಾರವನ್ನೂ ನಕಾರದ ಒತ್ತನ್ನೂ ಸ್ಪಷ್ಟವಾಗಿ ಬರೆಯುವದು ಉತ್ತಮ. ಜನನಪತ್ರದಲ್ಲಿಯೂ ಶಾಲೆಯ ದಾಖಲೆಯಲ್ಲಿಯೂ ಅದೇ ಅಕ್ಷರಗಳು ಬರುವಂತೆ ತಂದೆಯು ಒಂದು ಚೀಟಿಯಲ್ಲಿ ದಪ್ಪವಾಗಿ ಬರೆದುಕೊಂಡು ಹೋಗಿ, ಗುಮಾಸ್ತನು ಬರೆದು ಮುಗಿಸಿದ ಮೇಲೆ ಓದಿ ನೋಡಿಯೇ ಮನೆಗೆ ಬರಬೇಕು.